ಬಳ್ಳಾರಿಯಲ್ಲಿ ರಸ್ತೆ ಓಟ ನಡೆಸಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೀಗ 52 ವರ್ಷ. ಕಾಲೇಜಿನ ದಿನಗಳಿಂದ ದೂರದ ಓಟ ಬಿಟ್ಟಿಲ್ಲ. ಬೆಂಗಳೂರು, ಮುಂಬೈ, ಹೈದರಾಬಾದಿನ ಓಟಗಳನ್ನೆಲ್ಲ ಮುಗಿಸಿದ್ದೇನೆ. ಸ್ವಯಂ ನಿವೃತ್ತಿ ತೆಗೆದುಕೊಂಡು ನಮ್ಮ ಬಳ್ಳಾರಿಯಲ್ಲೇ ರಸ್ತೆ ಓಟ ನಡೆಸುವುದನ್ನು ವೃತ್ತಿ ಮಾಡಿಕೊಳ್ಳುವ ಆಸೆ. ಬರುವ ಡಿಸೆಂಬರ್‌ನಲ್ಲಿ 600 ಜನಕ್ಕೆ 5, 10 ಮತ್ತು 21 ಕಿ.ಮೀ. ಇಡೋಣ ಎಂದು ಗೆಳೆಯರು ಹುರಿದುಂಬಿಸುತ್ತಿದ್ದಾರೆ. ಯಾವುದರಿಂದ ಶುರು ಮಾಡಬೇಕು? ಎಲ್ಲಿ ಎಡವುತ್ತಾರೆ? ಇದರಿಂದ ಮನೆ ನಡೆಯುತ್ತದೆಯೇ?

ಉತ್ತರ: ಮೊದಲ ವರ್ಷ 21 ಕಿ.ಮೀ. ಕೈಬಿಡಿ. ಎಷ್ಟೇ ಹಾಫ್ ಮ್ಯಾರಥಾನ್ ಓಡಿದ್ದರೂ ಅದನ್ನು ನಡೆಸುವುದು ಬೇರೆಯೇ ಕೆಲಸ. 10 ಕಿ.ಮೀ. ಓಟದಲ್ಲಿ ಕೊನೆಯವರು ಒಂದೂವರೆ ಗಂಟೆಗೆ ಒಳಬರುತ್ತಾರೆ, 21ರಲ್ಲಿ ಮೂರು ಗಂಟೆ ದಾಟುತ್ತದೆ. ಅಷ್ಟು ಹೊತ್ತು ರಸ್ತೆ ಬಿಟ್ಟುಕೊಡಲು ಪೊಲೀಸರು ಒಪ್ಪುವುದು ಕಷ್ಟ. ಅವರು ಒಪ್ಪಿದರೂ ನಮ್ಮ ಬಿಸಿಲು ಒಪ್ಪುವುದಿಲ್ಲ. 5 ಮತ್ತು 10 ಕಿ.ಮೀ. ಮಾತ್ರ ಇಟ್ಟುಕೊಂಡು ಎರಡು ವರ್ಷ ಚೊಕ್ಕವಾಗಿ ನಡೆಸಿ. 21 ಆಮೇಲೆ ತಾನಾಗಿ ಬರುತ್ತದೆ.

ಬದುಕಿಡೀ ಓಡಿದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ: ಕಣ್ಣು ಸದಾ ಮುಂದಿನವರ ಮೇಲೆ. ಬಹುಮಾನದ ಮೊತ್ತ, ಹೊರಗಿನಿಂದ ಬರುವ ವೇಗದ ಓಟಗಾರರು, ಮುಂದೆ ಹೋಗುವ ಗಾಡಿ, ಗೆಲುವಿನ ಟೇಪು. ಮೊದಲ 20 ಜನರಿಗಾಗಿ ದುಡ್ಡೂ ತಲೆಯೂ ಖರ್ಚಾಗಿಬಿಡುತ್ತವೆ. ಓಟ ಕೆಡುವುದು ಹಿಂದೆ, ಎಂಟನೇ ಕಿ.ಮೀ. ಹತ್ತಿರ. ಜೀವನದಲ್ಲಿ ಮೊದಲ ಸಲ ಎದೆಗೆ ಬಿಬ್ (ಓಟಗಾರರ ನಂಬರಿನ ಚೀಟಿ) ಚುಚ್ಚಿಕೊಂಡ ಮನುಷ್ಯ ನಡೆದುಕೊಂಡು ಬರುವ ಹೊತ್ತಿಗೆ ಮೇಜಿನ ಮೇಲೆ ನೀರು ಮುಗಿದಿರುತ್ತದೆ, ತಿರುವಿನಲ್ಲಿ ನಿಂತಿದ್ದ ಹುಡುಗ ತಿಂಡಿಗೆ ಹೋಗಿರುತ್ತಾನೆ, ಅಡ್ಡರಸ್ತೆಯಿಂದ ಟಿಪ್ಪರ್ ನುಗ್ಗಿರುತ್ತದೆ. ಕೆಳಗಿನ ಲೆಕ್ಕಗಳನ್ನೆಲ್ಲ ಆ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಕಿದೆ.

ದಿನ ಮತ್ತು ಹೊತ್ತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರಕ್ಕೂ ನವೆಂಬರ್ ಕೊನೆಯಿಂದ ಜನವರಿ ಕೊನೆಯವರೆಗಿನ ಭಾನುವಾರಗಳಷ್ಟೇ ಲೆಕ್ಕಕ್ಕೆ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6:35ರ ಆಸುಪಾಸು, ನೆಲ ಕಾಣುವಷ್ಟು ಬೆಳಕು 6:15ಕ್ಕೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮವೂ ಇದೆ. ಆದ್ದರಿಂದ 5:30ಕ್ಕೆ ಮೈಕಿನಲ್ಲಿ ಕೂಗಿ ಜನ ಸೇರಿಸುವ ಯೋಜನೆ ಬೇಡ. 10 ಕಿ.ಮೀ.ಗೆ 6:20, 5 ಕಿ.ಮೀ.ಗೆ 6:30 ಸರಿಯಾದ ಹೊತ್ತು. ಒಂದೂವರೆ ಗಂಟೆಯ ಮಿತಿ ಇಟ್ಟರೆ 7:50ಕ್ಕೆ ಎಲ್ಲರೂ ಒಳಗಿರುತ್ತಾರೆ.

ದಿನ ಗೊತ್ತುಮಾಡುವ ಮುಂಚೆ ಆ ಭಾನುವಾರ ಊರಲ್ಲಿ ಯಾವುದಾದರೂ ನೇಮಕಾತಿ ಪರೀಕ್ಷೆ ಇದೆಯೇ ಎಂದು ಡಿಸಿ ಕಚೇರಿಯಲ್ಲಿ ವಿಚಾರಿಸಿ. ಪರೀಕ್ಷಾ ಕೇಂದ್ರದ ರಸ್ತೆಯಲ್ಲಿ ಓಟಕ್ಕೆ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು. ಕೊಪ್ಪಳದವರು ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನೂ, ಗಂಗಾವತಿ–ಆನೆಗೊಂದಿ ಕಡೆಯವರು ಡಿಸೆಂಬರ್‌ನಲ್ಲಿ ಹನುಮಮಾಲೆಯವರು ಅಂಜನಾದ್ರಿಗೆ ಬರುವ ದಿನಗಳನ್ನೂ ಬಿಟ್ಟು ನೋಡಬೇಕು. ಸಿರುಗುಪ್ಪ, ಸಿಂಧನೂರು, ಗಂಗಾವತಿಯ ನೀರಾವರಿ ಸೀಮೆಯಲ್ಲಿ ಇನ್ನೊಂದು ಸಂಗತಿ: ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರಡಿರುತ್ತಾರೆ, ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ ಎರೆಮಣ್ಣು ಡಾಂಬರಿನ ಮೇಲೆ ಉದುರಿ ಇಬ್ಬನಿಗೆ ಜಾರುತ್ತದೆ. ಆಗಸ್ಟ್‌ನಲ್ಲಿ ನೋಡಿ ಒಪ್ಪಿದ ರಸ್ತೆ ಡಿಸೆಂಬರ್‌ನಲ್ಲಿ ಅದೇ ರಸ್ತೆಯಾಗಿ ಉಳಿದಿರುವುದಿಲ್ಲ. ಹಿಂದಿನ ವರ್ಷ ಅದೇ ವಾರದಲ್ಲಿ ಹೇಗಿತ್ತು ಎಂದು ಆ ರಸ್ತೆಯ ಟೀ ಅಂಗಡಿಯವರನ್ನು ಕೇಳಿ.

ದಾರಿ. ಜಿಲ್ಲಾ ಕ್ರೀಡಾಂಗಣದಂಥ ಒಂದೇ ಜಾಗದಲ್ಲಿ ಶುರುವೂ ಮುಕ್ತಾಯವೂ ಇರುವ 5 ಕಿ.ಮೀ. ಸುತ್ತು ಹುಡುಕಿ, 10 ಕಿ.ಮೀ.ಯವರು ಎರಡು ಸುತ್ತು ಹಾಕಲಿ. ಕಾವಲಿನ ಜನ, ನೀರಿನ ಮೇಜು, ಬ್ಯಾರಿಕೇಡು ಎಲ್ಲವೂ ಅರ್ಧಕ್ಕೆ ಇಳಿಯುತ್ತವೆ. ರಾಷ್ಟ್ರೀಯ ಹೆದ್ದಾರಿ 67ನ್ನು ಮುಟ್ಟಬೇಡಿ: ಅಲ್ಲಿ ಅದಿರಿನ ಲಾರಿಗಳಿಗೆ ಭಾನುವಾರವಿಲ್ಲ, ಅನುಮತಿಗೆ ಇನ್ನೂ ಒಂದು ಕಚೇರಿ ಅಲೆಯಬೇಕು. ರೈಲ್ವೆ ಗೇಟು ದಾಟುವ ದಾರಿಯಂತೂ ಬೇಡವೇ ಬೇಡ. ಗೇಟು ಬಿದ್ದರೆ ಯಾರ ಮಾತೂ ನಡೆಯುವುದಿಲ್ಲ. ಸುತ್ತಿನ ಒಳಗೆ ಆಸ್ಪತ್ರೆ ಸಿಕ್ಕಿಹಾಕಿಕೊಳ್ಳುತ್ತದೆಯೇ ನೋಡಿ. ಸಿಕ್ಕರೆ ಆಂಬುಲೆನ್ಸ್ ಹಾಯಲು ಒಂದು ಜಾಗ ಗೊತ್ತುಮಾಡಿ ಅಲ್ಲಿ ಇಬ್ಬರು ಪ್ರೌಢರನ್ನೇ ನಿಲ್ಲಿಸಿ. ನಸುಕಿನಲ್ಲಿ ಮಾಂಸದಂಗಡಿ ಸಾಲಿನಲ್ಲಿ ಬೀದಿನಾಯಿಗಳು ಗುಂಪುಗೂಡಿರುತ್ತವೆ, ಆ ಬೀದಿ ತಪ್ಪಿಸಿ. ಬಣ್ಣವಿಲ್ಲದ ಹಂಪ್‌ಗಳಿಗೆ ಹಿಂದಿನ ಸಂಜೆ ಸುಣ್ಣ ಬಳಿಸಿ. ಗುಂಪಿನ ಮಧ್ಯೆ ಓಡುವವರಿಗೆ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ.

ಅಳತೆ. ಇದಕ್ಕೆ ಹೆಚ್ಚು ಜಾಗ ಕೊಡುತ್ತೇವೆ, ಏಕೆಂದರೆ ಓಟ ನಡೆಸುವವರು ಜನರಿಗೆ ಮಾರುವುದು ದೂರವನ್ನೇ. ಪದಕ, ಟೀಶರ್ಟು ಯಾರು ಬೇಕಾದರೂ ಕೊಡಬಹುದು. 10 ಕಿ.ಮೀ. ಎಂದು ದುಡ್ಡು ತೆಗೆದುಕೊಂಡು 9.9 ಕೊಟ್ಟರೆ ಅದು ತೂಕದಲ್ಲಿ ಮೋಸ.

ಜಿಪಿಎಸ್ ಕೈಗಡಿಯಾರದಲ್ಲಿ ದಾರಿ ಅಳೆಯಬಾರದು. ಅದು ದಾಖಲಿಸುವ ಗೆರೆ ಅಂಕುಡೊಂಕಾಗಿ ಓಲಾಡುವುದರಿಂದ ಸಾಮಾನ್ಯವಾಗಿ ದೂರವನ್ನು ಹೆಚ್ಚು ತೋರಿಸುತ್ತದೆ. ಗಡಿಯಾರ 10.00 ಎಂದಾಗ ಗೆರೆ ಎಳೆದರೆ ನಿಜವಾದ ದಾರಿ ಕಡಿಮೆ ಬಿದ್ದಿರುತ್ತದೆ. ಸರಿಯಾಗಿ ಅಳೆದ ದಾರಿಯಲ್ಲಿ ಓಡಿದವರ ಗಡಿಯಾರ 10.1 ತೋರಿಸುವುದು ಸಹಜ. ಮುಗಿಸಿದ ಮೇಲೆ "ದಾರಿ ಜಾಸ್ತಿಯಾಗಿದೆ" ಎಂದು ಜಗಳಕ್ಕೆ ಬರುವವರಿಗೆ ಇದನ್ನು ಬಿಡಿಸಿ ಹೇಳಲು ಅಳತೆಯ ಕಾಗದ ಕೈಯಲ್ಲಿರಬೇಕು.

ಜಗತ್ತಿನೆಲ್ಲೆಡೆ ಒಪ್ಪಿದ ವಿಧಾನ ಸೈಕಲ್ಲಿನದು. ಮುಂದಿನ ಗಾಲಿಯ ಅಚ್ಚಿಗೆ ಜೋನ್ಸ್ ಕೌಂಟರ್ ಎಂಬ ಸಣ್ಣ ಯಂತ್ರ ಕೂರಿಸುತ್ತಾರೆ. ಗಾಲಿ ಒಂದು ಸುತ್ತು ತಿರುಗಿದರೆ ಅದು 23ಕ್ಕಿಂತ ಹೆಚ್ಚು ಎಣಿಕೆ ಏರುತ್ತದೆ. ಅಂದರೆ ಒಂದು ಎಣಿಕೆಗೆ ಸುಮಾರು 9 ಸೆಂ.ಮೀ. ಸೈಕಲ್ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಮೀಟರ್ ಇದಕ್ಕಾಗುವುದಿಲ್ಲ, ಅದು 10 ಮೀಟರ್‌ಗಳ ಹೆಜ್ಜೆಯಲ್ಲಿ ತೋರಿಸುತ್ತದೆ. ಮೊದಲು ಓಡಾಟ ಕಡಿಮೆಯಿರುವ ನೇರ ಡಾಂಬರು ರಸ್ತೆಯಲ್ಲಿ 300 ಮೀಟರ್ ಪಟ್ಟಿಯೊಂದನ್ನು ಉಕ್ಕಿನ ಟೇಪಿನಿಂದ ಅಳೆದು ಎರಡೂ ತುದಿಗೆ ಮೊಳೆ ಹೊಡೆಯಿರಿ. ಬಟ್ಟೆಯ ಅಥವಾ ಫೈಬರ್ ಟೇಪು ಎಳೆದಂತೆ ಹಿಗ್ಗುತ್ತದೆ, ಬೇಡ. ಉಕ್ಕಿನದೂ ಬಿಸಿಗೆ ಹಿಗ್ಗುತ್ತದೆ: ಅದರ ಗುರುತುಗಳು 20 ಡಿಗ್ರಿಗೆ ಸರಿಯಿರುತ್ತವೆ, 35 ಡಿಗ್ರಿಯಲ್ಲಿ ನೀವು 300 ಎಂದುಕೊಂಡದ್ದು 5 ಸೆಂ.ಮೀ. ಹೆಚ್ಚಿರುತ್ತದೆ. ಆದ್ದರಿಂದ ನಸುಕಿನಲ್ಲಿ ಅಳೆಯಿರಿ, ಉಷ್ಣಾಂಶ ಬರೆದಿಡಿ.

ಆ ಪಟ್ಟಿಯ ಮೇಲೆ ಸೈಕಲ್ಲನ್ನು ನಾಲ್ಕು ಸಲ, ಎರಡು ಹೋಗುತ್ತ ಎರಡು ಬರುತ್ತ ಹೊಡೆದು ಎಣಿಕೆಯ ಸರಾಸರಿ ತೆಗೆಯಿರಿ. 300 ಮೀಟರ್‌ಗೆ 3,372 ಬಂತು ಎನ್ನೋಣ. ಕಿ.ಮೀ.ಗೆ 11,240. ಇದಕ್ಕೆ ಸಾವಿರಕ್ಕೆ ಒಂದರಂತೆ ಸೇರಿಸಬೇಕು, ದಾರಿ ಎಂದೂ ಗಿಡ್ಡವಾಗದಿರಲೆಂದು. ಆಗ ಕಿ.ಮೀ.ಗೆ 11,251.24 ಆಗುತ್ತದೆ, 10 ಕಿ.ಮೀ.ಗೆ 1,12,512. ಈ ಸಾವಿರಕ್ಕೊಂದು ಎಂಬುದು 10 ಕಿ.ಮೀ.ನಲ್ಲಿ 10 ಮೀಟರ್. ಅಳೆದು ಮುಗಿದ ತಕ್ಷಣ ಅದೇ ಪಟ್ಟಿಯಲ್ಲಿ ಮತ್ತೆ ನಾಲ್ಕು ಸಲ. ಬಿಸಿಲೇರಿದಂತೆ ಟಯರಿನ ಗಾಳಿ ಹಿಗ್ಗಿ ಗಾಲಿ ದೊಡ್ಡದಾಗುತ್ತದೆ, ಎಣಿಕೆ ಕಡಿಮೆ ಬರುತ್ತದೆ. ಎರಡು ಸರಾಸರಿಗಳಲ್ಲಿ ದೊಡ್ಡದನ್ನು ಹಿಡಿದು ದಾರಿ ಸರಿಪಡಿಸಿದರೆ ಗಿಡ್ಡ ಬೀಳುವ ಭಯವಿಲ್ಲ. ಮಧ್ಯಾಹ್ನದ ಬಿಸಿಯಲ್ಲಿ ಪಟ್ಟಿಯ ಮೇಲೆ ಸೈಕಲ್ ಹೊಡೆದು ಮರುದಿನ ನಸುಕಿನ ತಂಪಿನಲ್ಲಿ ದಾರಿ ಅಳೆಯುವುದೇ ನಮ್ಮ ಕಡೆ ಆಗುವ ದೊಡ್ಡ ತಪ್ಪು: ದಾರಿ ಖಂಡಿತ ಗಿಡ್ಡವಾಗುತ್ತದೆ.

ಸೈಕಲ್ ಹೋಗಬೇಕಾದದ್ದು ಓಟಗಾರ ಹೋಗಬಹುದಾದ ಅತಿ ಹತ್ತಿರದ ಗೆರೆಯಲ್ಲಿ. ತಿರುವಿನಲ್ಲಿ ಒಳ ಅಂಚಿನಿಂದ 30 ಸೆಂ.ಮೀ. ಬಿಟ್ಟು, ರಸ್ತೆ ಬಲಕ್ಕೆ ತಿರುಗಿ ಆಮೇಲೆ ಎಡಕ್ಕೆ ತಿರುಗಿದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡ. ಅರ್ಧ ರಸ್ತೆ ಮಾತ್ರ ಓಟಕ್ಕೆ ಎನ್ನುವುದಾದರೆ ಅರ್ಧದಲ್ಲೇ ಅಳೆಯಿರಿ, ಓಟದ ದಿನ ಕೋನ್‌ಗಳು ಅದೇ ಗೆರೆಯಲ್ಲಿರಬೇಕು. ಹೋಗಿ ವಾಪಸಾಗುವ ತುದಿಯಿದ್ದರೆ ಅಲ್ಲಿನ ಕೋನ್ ಬಗ್ಗೆ ಮೈಯೆಲ್ಲ ಕಣ್ಣಾಗಿರಿ. ಯಾರೋ ಸ್ವಯಂಸೇವಕ ಗಾಡಿಗೆ ಅಡ್ಡವೆಂದು ಅದನ್ನು 5 ಮೀಟರ್ ಈಚೆ ಸರಿಸಿದರೆ ಹೋಗುತ್ತ 5, ಬರುತ್ತ 5, ನೀವು ಸೇರಿಸಿದ್ದ 10 ಮೀಟರ್ ಪೂರ್ತಿ ಹೋಯಿತು; ಎರಡು ಸುತ್ತಿನ ದಾರಿಯಲ್ಲಾದರೆ 20. ತುದಿಗೆ ಮೊಳೆ ಹೊಡೆದು, ಹತ್ತಿರದ ಕರೆಂಟ್ ಕಂಬದ ನಂಬರು ಬರೆದು, ಕಂಬದಿಂದ ಮೊಳೆಗೆ ಎಷ್ಟು ಮೀಟರ್ ಎಷ್ಟು ಸೆಂ.ಮೀ. ಎಂದು ಅಳೆದು ಫೋಟೋ ತೆಗೆದಿಡಿ. ರಸ್ತೆಗೆ ಹೊಸ ಡಾಂಬರು ಬಿದ್ದರೂ ಕಂಬ ಉಳಿದಿರುತ್ತದೆ.

ಕೌಂಟರ್ ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 50 ಮೀಟರ್ ಉಕ್ಕಿನ ಟೇಪಿನಿಂದ 5 ಕಿ.ಮೀ. ಎಂದರೆ ನೂರು ಸಲ ಹಾಸುವುದು. ನಾಲ್ಕು ಜನ, ಎರಡು ಭಾನುವಾರದ ನಸುಕು. ಪ್ರತಿ ಹಾಸಿಗೂ ಸೀಮೆಸುಣ್ಣದಲ್ಲಿ ನಂಬರು ಬರೆಯಿರಿ. ಒಂದು ಹಾಸು ಎಣಿಕೆ ತಪ್ಪಿದರೆ 50 ಮೀಟರ್ ಹೋದಂತೆ, ಅದು ಸಾಮಾನ್ಯವಾಗಿ ಆಗುವ ತಪ್ಪೇ. ದಾಖಲೆಗೆ ಅರ್ಹವಾದ ದಾರಿ ಬೇಕೆಂದಾಗ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ ಮಾನ್ಯತೆಯ ಅಳತೆಗಾರರನ್ನು ಕರೆಸಲೇಬೇಕು. ಆಗ ಇನ್ನೆರಡು ಷರತ್ತು ಬರುತ್ತವೆ: ಶುರುವಿಗೂ ಮುಕ್ತಾಯಕ್ಕೂ ನೇರ ಅಂತರ ಓಟದ ದೂರದ ಅರ್ಧ ಮೀರಬಾರದು, ಒಟ್ಟು ಇಳಿಜಾರು ಕಿ.ಮೀ.ಗೆ ಒಂದು ಮೀಟರ್ ಮೀರಬಾರದು. ಸುತ್ತಿನ ದಾರಿಗೆ ಎರಡೂ ತಾನಾಗಿ ಸರಿಹೋಗುತ್ತವೆ.

ಅನುಮತಿ. ನಾಲ್ಕು ತಿಂಗಳು ಮೊದಲೇ ಎಸ್ಪಿ ಕಚೇರಿ, ಸಂಚಾರ ಪೊಲೀಸ್ ಠಾಣೆ, ಮಹಾನಗರ ಪಾಲಿಕೆ, ಡಿಸಿ ಕಚೇರಿ, ರಸ್ತೆ ಯಾರದೋ ಆ ಇಲಾಖೆ, ಜೊತೆಗೆ ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆ. "ಬೆಳಿಗ್ಗೆ 5ರಿಂದ 9ರವರೆಗೆ ರಸ್ತೆ ಬಂದ್ ಮಾಡಿಕೊಡಬೇಕಾಗಿ ವಿನಂತಿ" ಎಂಬ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ. ಸರ್ಕಲ್‌ವಾರು ಸಮಯದ ಪಟ್ಟಿ ಲಗತ್ತಿಸಿ. ಮುಂದಿನವರು ಕಿ.ಮೀ.ಗೆ 3 ನಿಮಿಷ 20 ಸೆಕೆಂಡು, ಕೊನೆಯವರು 9 ನಿಮಿಷ ಎಂದು ಹಿಡಿಯಿರಿ. 6:20ಕ್ಕೆ ಬಿಟ್ಟರೆ 3ನೇ ಕಿ.ಮೀ.ನ ಸರ್ಕಲ್ಲಿಗೆ ಮೊದಲಿಗ 6:30ಕ್ಕೆ, ಕೊನೆಯವ 6:47ಕ್ಕೆ. ಅದೇ ಸರ್ಕಲ್ ಎರಡನೇ ಸುತ್ತಿನಲ್ಲಿ 8ನೇ ಕಿ.ಮೀ.; ಮೊದಲಿಗ 6:46ಕ್ಕೇ ಮತ್ತೆ ಬಂದುಬಿಡುತ್ತಾನೆ, ಕೊನೆಯವ 7:32ಕ್ಕೆ. ಅಂದರೆ ಅಲ್ಲಿ 6:25ರಿಂದ 7:35ರವರೆಗೆ ಬಿಡುವಿಲ್ಲ. ಹೀಗೆ ಪ್ರತಿ ಸರ್ಕಲ್ಲಿಗೂ ಎರಡು ಸಮಯ ಬರೆದು ಕೊಟ್ಟರೆ ಇನ್‌ಸ್ಪೆಕ್ಟರ್ ಸಾಹೇಬರಿಗೆ ಎಲ್ಲಿ ಎಷ್ಟು ಹೊತ್ತು ಎಷ್ಟು ಜನ ಹಾಕಬೇಕೆಂದು ಕೂತಲ್ಲೇ ಗೊತ್ತಾಗುತ್ತದೆ. ಅನುಮತಿ ಸಿಗುವುದು ಈ ಒಂದು ಹಾಳೆಯಿಂದ.

ನೀರು. 400 ಜನ 10 ಕಿ.ಮೀ., 200 ಜನ 5 ಕಿ.ಮೀ. ಎನ್ನೋಣ. ಸುತ್ತಿನ ನಡುವಿನ ಮೇಜಿನ ಮುಂದೆ 10ರವರು ಎರಡು ಸಲ ಹಾಯುತ್ತಾರೆ: 800 ಮತ್ತು 200, ಒಟ್ಟು ಸಾವಿರ ಸಲ. ತಲಾ 150 ಮಿ.ಲೀ.ನಂತೆ 150 ಲೀಟರ್. ತಲೆಗೆ ಸುರಿದುಕೊಳ್ಳುವವರು, ಎರಡು ಕಪ್ ಎತ್ತುವವರು ಸೇರಿ ಅರ್ಧದಷ್ಟು ಹೆಚ್ಚು ಇಡಿ. 225 ಲೀಟರ್, ಅಂದರೆ 20 ಲೀಟರಿನ 12 ಕ್ಯಾನು, ಕಪ್ಪು 1,500. ಪ್ಲಾಸ್ಟಿಕ್ ಲೋಟ 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ, ಕಾಗದದ್ದೇ ಆಗಬೇಕು. ಮುಕ್ಕಾಲು ಮಾತ್ರ ತುಂಬಿಸಿ, ತುಂಬಿ ತುಳುಕುವ ಕಪ್ಪನ್ನು ಓಡುತ್ತ ಹಿಡಿಯಲಾಗದು. 2.5ನೇ ಕಿ.ಮೀ.ಗೆ ಮೊದಲಿಗ ಎಂಟೂವರೆ ನಿಮಿಷದಲ್ಲಿ ಬರುತ್ತಾನೆ, 13ರಿಂದ 18ನೇ ನಿಮಿಷದೊಳಗೆ ದೊಡ್ಡ ಗುಂಪು ಒಟ್ಟಿಗೇ ಮುಗಿಬೀಳುತ್ತದೆ. ಆಗ ಕ್ಯಾನಿನ ನಲ್ಲಿಯಿಂದ ತುಂಬಿಸುತ್ತೇವೆ ಎಂದರೆ ಕೆಟ್ಟಿರಿ. 400 ಕಪ್ಪು ಮೊದಲೇ ತುಂಬಿ, ಪ್ಲೈವುಡ್ ಹಲಗೆ ಹಾಕಿ ಎರಡು ಅಂತಸ್ತಿನಲ್ಲಿ ಜೋಡಿಸಿ, ಮಿಕ್ಕದ್ದಕ್ಕೆ ಜಗ್ಗು ಬಳಸಿ. ಮೇಜುಗಳನ್ನು ಒತ್ತಾಗಿಡಬೇಡಿ. ಜನ ಮೊದಲ ಮೇಜಿಗೇ ಮುಗಿಬೀಳುವುದರಿಂದ 5 ಮೀಟರ್ ಬಿಟ್ಟು ಮೂರು ಮೇಜು ಇಟ್ಟು, "ಮುಂದೆಯೂ ನೀರಿದೆ" ಎಂದು ಒಬ್ಬರು ಕೂಗುತ್ತಿರಲಿ. ಕಸದ ಡಬ್ಬಿ ಮೇಜಿನ ಪಕ್ಕ ಇಟ್ಟರೆ ಯಾರೂ ಬಳಸುವುದಿಲ್ಲ. 40 ಮೀಟರ್ ಮುಂದಿಡಿ, ಕುಡಿದು ಮುಗಿಯುವುದು ಅಲ್ಲಿ. ಇನ್ನೊಂದು ಮಾತು: ಎರಡನೇ ಸುತ್ತಿನ ಕೊನೆಯ ನೂರು ಜನರ ಕಪ್ಪನ್ನು ಬೇರೆ ಪೆಟ್ಟಿಗೆಯಲ್ಲಿ ಕಟ್ಟಿ, ಮೇಲೆ "7 ಗಂಟೆಯ ನಂತರ" ಎಂದು ಬರೆದಿಡಿ.

ಮುಗಿಸಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಬಾಳೆಹಣ್ಣು. ಒಗ್ಗರಣಿ ಮಂಡಕ್ಕಿಯೂ ಒಳ್ಳೆಯದೇ, ಹಗುರ, ಉಪ್ಪಿದೆ, ಊರಿನವರಿಗೆ ಇಷ್ಟ. ಮಿರ್ಚಿಗೆ ಮಾತ್ರ ಅರ್ಧ ಗಂಟೆ ತಡೆಯಲಿ. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣ ಒಂದು ಲೀಟರಿಗೆ ಒಂದು, ಅಳೆದೇ ಕಲಸಬೇಕು. ಬಕೆಟ್ಟಿಗೆ ಅಂದಾಜಿನಲ್ಲಿ ಸುರಿಯುವುದು ಅಪಾಯ. "ಬಾಯಾರಿದಷ್ಟೇ ಕುಡಿಯಿರಿ" ಎಂದು ಬಿಬ್ ಕೊಡುವಾಗಲೇ ಹೇಳಿ. ನಿಧಾನಕ್ಕೆ ಸಾಗುತ್ತ ಸಿಕ್ಕಲ್ಲೆಲ್ಲ ನೀರು ಕುಡಿದವರ ರಕ್ತದಲ್ಲಿ ಸೋಡಿಯಂ ಕುಸಿದು ತಲೆ ಕೆಡುವುದುಂಟು.

ಜೀವದ ವಿಷಯ. ಓಟಗಾರರು ಕುಸಿಯುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ ಮತ್ತು ಗೆರೆ ದಾಟಿದ ಮೇಲೆ. ವೈದ್ಯರ ಡೇರೆ ಮುಕ್ತಾಯದಿಂದ 30 ಮೀಟರ್ ಒಳಗಿರಲಿ, ವೇದಿಕೆಯ ಹಿಂದೆ ಅಲ್ಲ. ಗೆರೆ ದಾಟಿ ತಟ್ಟನೆ ನಿಂತಾಗ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತಿ ಬೀಳುವವರೇ ಬಹಳ. ಮಲಗಿಸಿ ಕಾಲು ಎತ್ತಿ ಹಿಡಿದರೆ ಚೇತರಿಸಿಕೊಳ್ಳುತ್ತಾರೆ. ಇದಾಗದಿರಲು ಗೆರೆಯಿಂದ ಪದಕದ ಮೇಜಿಗೆ 60–70 ಮೀಟರ್ ನಡೆದೇ ಹೋಗುವಂತೆ ದಾರಿ ಮಾಡಿ. ಗೆರೆಯ ಮೇಲೇ ಪದಕ ಹಾಕಿ ಫೋಟೋಗೆ ನಿಲ್ಲಿಸುವುದು ಜನರನ್ನು ಬೀಳಿಸುವ ವ್ಯವಸ್ಥೆ.

ಹೃದಯ ನಿಂತವರಿಗೆ ಪ್ರತಿ ನಿಮಿಷ ತಡವಾದಂತೆ ಉಳಿಯುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಎದೆಗೆ ವಿದ್ಯುತ್ ಆಘಾತ ಕೊಟ್ಟು ಹೃದಯವನ್ನು ಮತ್ತೆ ಬಡಿಸುವ ಎಇಡಿ ಯಂತ್ರ ಒಂದು ಮುಕ್ತಾಯದಲ್ಲಿ, ಇನ್ನೊಂದು ಕೊನೆಯ 2 ಕಿ.ಮೀ.ನಲ್ಲಿ ಬೈಕಿನ ಮೇಲೆ. ಪ್ರತಿ ಕಾವಲು ಜಾಗದಲ್ಲಿ ಒಬ್ಬರಿಗಾದರೂ ಎದೆ ಒತ್ತುವುದು ಬರಬೇಕು: ನಿಮಿಷಕ್ಕೆ 100ರಿಂದ 120, ಆಳ 5–6 ಸೆಂ.ಮೀ. ನರ್ಸಿಂಗ್ ಕಾಲೇಜಿನವರನ್ನು ಕೇಳಿದರೆ ಹಿಂದಿನ ವಾರ ಒಂದು ಮಧ್ಯಾಹ್ನ ಗೊಂಬೆಯ ಮೇಲೆ ಕಲಿಸಿಕೊಡುತ್ತಾರೆ.

ಬಿಸಿಯ ಹೊಡೆತ ಡಿಸೆಂಬರ್‌ನಲ್ಲೂ ಆಗಬಹುದು. ಜ್ವರವಿದ್ದೂ ಓಡಿದವರು, ಅಭ್ಯಾಸವಿಲ್ಲದೆ ಜಿದ್ದಿಗೆ ಬಿದ್ದವರು. ಲಕ್ಷಣ: ತೂರಾಡುವುದು, ಅಸಂಬದ್ಧ ಮಾತು, ಹಿಡಿಯಲು ಬಂದವರ ಮೇಲೆ ರೇಗುವುದು, ಎಲ್ಲಿದ್ದೇನೆಂದು ಗೊತ್ತಿಲ್ಲದಿರುವುದು. ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಇಲ್ಲಿ ನಂಬಬಾರದು, ಬೆವರಿಗೆ ಅದು ಸುಳ್ಳು ಹೇಳುತ್ತದೆ. ವೈದ್ಯರು ಗುದದ್ವಾರದ ಉಷ್ಣಾಂಶವನ್ನೇ ನೋಡಬೇಕು. 40 ಡಿಗ್ರಿ ದಾಟಿದ್ದು ಬುದ್ಧಿ ಕದಡಿದ್ದರೆ ಅಲ್ಲೇ ಕುತ್ತಿಗೆಯವರೆಗೆ ಐಸ್ ನೀರಿನ ತೊಟ್ಟಿಯಲ್ಲಿ ಇಳಿಸಿ, ಕಂಕುಳಲ್ಲಿ ಟವೆಲ್ ಹಾಕಿ ಹಿಡಿದು, ನೀರು ಕದಡುತ್ತಿರಬೇಕು. 39ಕ್ಕೆ ಇಳಿದ ಮೇಲೆ ಆಂಬುಲೆನ್ಸ್. ಮೊದಲು ತಣಿಸಿ, ಆಮೇಲೆ ಸಾಗಿಸಿ. ತಣಿಸದೆ ಆಸ್ಪತ್ರೆಗೆ ಓಡಿಸಿದ ಆ ಅರ್ಧ ಗಂಟೆಯಲ್ಲೇ ಮೆದುಳು, ಲಿವರು ಬೇಯುತ್ತವೆ. ತೊಟ್ಟಿ ಇಲ್ಲದಿದ್ದರೆ ತಾಡಪಾಲಿನ ನಾಲ್ಕು ಮೂಲೆಯನ್ನು ನಾಲ್ವರು ಎತ್ತಿ ಹಿಡಿದು ನಡುವೆ ಮಲಗಿಸಿ ಐಸ್ ನೀರು ಸುರಿದು ತೂಗಬಹುದು. ಐಸ್ ಫ್ಯಾಕ್ಟರಿ ಭಾನುವಾರ ನಸುಕಿನಲ್ಲಿ ತೆರೆದಿರುತ್ತದೆಂದು ನಂಬಬೇಡಿ. 50 ಕಿಲೋ ಗಡ್ಡೆ ಶನಿವಾರ ರಾತ್ರಿಯೇ ಗೋಣಿಚೀಲ, ಭತ್ತದ ಹೊಟ್ಟಿನಲ್ಲಿ ಬರಲಿ, ಒಡೆಯಲು ಸುತ್ತಿಗೆಯೂ ಇರಲಿ.

ಸಮಯ ದಾಖಲೆ. 600 ಜನಕ್ಕೆ ಬಿಬ್ಬಿಗೆ ಅಂಟಿಸಿದ ಚಿಪ್ ಒಳ್ಳೆಯದು. ಗುತ್ತಿಗೆಯಲ್ಲಿ ಮುಕ್ತಾಯಕ್ಕೆ ಎರಡು ಸಾಲು ಮ್ಯಾಟ್ (ಮೇಲೆ ಹಾದವರ ಚಿಪ್ ಓದುವ ಹಾಸು), ಶುರುವಿಗೊಂದು, ಸುತ್ತಿನ ದೂರದ ತುದಿಗೊಂದು ಇರಲೇಬೇಕೆಂದು ಬರೆಸಿ. ಆ ದೂರದ ಮ್ಯಾಟ್ ಇಲ್ಲದಿದ್ದರೆ ಒಂದೇ ಸುತ್ತು ಹಾಕಿದವರು 10 ಕಿ.ಮೀ. ಪಟ್ಟಿಯ ಮೇಲ್ಭಾಗದಲ್ಲಿ ಬಂದು ಕೂರುತ್ತಾರೆ, ಹೆಚ್ಚಿನವರು ಮೋಸಕ್ಕಲ್ಲ, ಗೊಂದಲಕ್ಕೆ. ಮೈಯ ನೀರಿನಂಶ ಚಿಪ್ಪಿನ ಅಲೆಯನ್ನು ಹೀರುತ್ತದೆ. ಬಿಬ್ ಮಡಚಿದರೆ, ಜಾಕೆಟ್ ಒಳಗಿಟ್ಟರೆ, ಚಿಪ್ಪಿನ ಮೇಲೆಯೇ ಪಿನ್ ಚುಚ್ಚಿದರೆ ದಾಖಲಾಗದೆ ಹೋಗಬಹುದು. ಬಹುಮಾನಕ್ಕೆ ಗುಂಡಿನ ಸಮಯ (ಓಟ ಬಿಟ್ಟ ಗಳಿಗೆಯಿಂದ), ಉಳಿದವರ ಪ್ರಮಾಣಪತ್ರಕ್ಕೆ ಚಿಪ್ ಸಮಯ (ತಾವು ಶುರುವಿನ ಗೆರೆ ದಾಟಿದ ಗಳಿಗೆಯಿಂದ) ಎಂದು ಅರ್ಜಿಯಲ್ಲೇ ಅಚ್ಚು ಹಾಕಿಸಿ.

ಚಿಪ್ ಇದ್ದರೂ ಕೈಲೆಕ್ಕ ಬಿಡಬೇಡಿ. 200 ಜನರ ಓಟಕ್ಕೆ ಅದೊಂದೇ ಸಾಕು. ಮುಕ್ತಾಯದ ನಂತರ ಒಂದು ಮೀಟರ್ ಅಗಲ, 30 ಮೀಟರ್ ಉದ್ದದ ಓಣಿ; ಒಳಗೆ ಒಬ್ಬರನ್ನೊಬ್ಬರು ಹಿಂದಿಕ್ಕುವಂತಿಲ್ಲ. ಓಣಿಯ ಕೊನೆಯಲ್ಲಿ ಬಿಬ್ಬಿನ ಕೆಳಚೀಟಿ ಹರಿದುಕೊಂಡು, ಓಟಗಾರರು ಬಂದ ಕ್ರಮದಲ್ಲೇ ಹೂ ಪೋಣಿಸಿದಂತೆ ತಂತಿಗೆ ಪೋಣಿಸುತ್ತ ಹೋಗಬೇಕು. ಗೆರೆಯ ಮೇಲೆ ಒಬ್ಬರು ದಾಟಿದವರಿಗೆಲ್ಲ ಸ್ಟಾಪ್‌ವಾಚ್ ಒತ್ತುತ್ತಾರೆ, ಇನ್ನೊಬ್ಬರು ಪ್ರತಿ ಹತ್ತನೆಯವರ ಬಿಬ್ ನಂಬರನ್ನೂ ಗಡಿಯಾರದ ಸಮಯವನ್ನೂ ಬರೆಯುತ್ತಾರೆ. ಕೊನೆಗೆ ಚೀಟಿ 187, ಒತ್ತಿದ್ದು 188 ಎಂದಾದಾಗ ತಪ್ಪು ಯಾವ ಹತ್ತರ ಗುಂಪಿನಲ್ಲಾಗಿದೆ ಎಂದು ಹಿಡಿದುಕೊಡುವುದು ಈ ಮೂರನೇ ಪಟ್ಟಿ. ಅದಿಲ್ಲದಿದ್ದರೆ ಒಂದು ತಪ್ಪೊತ್ತು ಹಿಂದಿನವರ ಸಮಯಗಳನ್ನೆಲ್ಲ ಕೆಡಿಸುತ್ತದೆ.

ಕಾವಲಿನ ಜನ. ದಾರಿಗೆ ಬಂದು ಸೇರುವ ಪ್ರತಿ ಗಲ್ಲಿಯ ಬಾಯನ್ನೂ ನಡೆದು ಎಣಿಸಿ, ಗಲ್ಲಿಗೊಬ್ಬರು, ಸರ್ಕಲ್ಲಿಗೆ ನಾಲ್ವರು. ಎನ್‌ಸಿಸಿ, ಎನ್‌ಎಸ್‌ಎಸ್ ಮಕ್ಕಳು ಚೆನ್ನಾಗಿ ಮಾಡುತ್ತಾರೆ, ಆದರೆ 5 ಗಂಟೆಗೇ ಅವರ ಕೈಗೆ ತಿಂಡಿ ಕೊಡಬೇಕು. ಜಾಗ ಬಿಟ್ಟು ಹೋಗುವುದು ಅಶಿಸ್ತಿನಿಂದಲ್ಲ, ಹಸಿವಿನಿಂದ, ಮತ್ತು ಓಟ ಮುಗಿಯಿತೋ ಇಲ್ಲವೋ ಗೊತ್ತಾಗದ್ದರಿಂದ. ಕೊನೆಯ ಓಟಗಾರನ ಹಿಂದೆ ಹಳದಿ ಬಾವುಟದ ಸೈಕಲ್ ಬರುತ್ತದೆ, ಅದು ದಾಟಿದ ಮೇಲೆಯೇ ಬಿಡುಗಡೆ ಎಂದು ಚೀಟಿಯಲ್ಲಿ ಬರೆದು ಕೊಡಿ. ಮುಂದಿನ ಗಾಡಿಯ ಚಾಲಕನ ಪಕ್ಕದಲ್ಲಿ ದಾರಿ ಅಳೆದವರಲ್ಲಿ ಒಬ್ಬರು ಕೂರಲಿ. ಗಾಡಿ ತಪ್ಪು ತಿರುವು ತೆಗೆದರೆ ಓಟಗಾರರು ಕಣ್ಣುಮುಚ್ಚಿ ಹಿಂಬಾಲಿಸುತ್ತಾರೆ. ನಿಮಗೆ ಮಾತ್ರ ಆ ದಿನ ಯಾವ ಜಾಗವೂ ಬೇಡ. ಓಡುವುದಂತೂ ಬೇಡವೇ ಬೇಡ. ಖಾಲಿ ಕೈ, ಒಂದು ವಾಕಿಟಾಕಿ, ಒಂದು ಬೈಕು.

ಹಣ ಮತ್ತು ಹೊಟ್ಟೆಪಾಡು. ಖರ್ಚನ್ನು ಎರಡು ಹಾಳೆಯಲ್ಲಿ ಬರೆಯಿರಿ: ಎಷ್ಟೇ ಜನ ಬಂದರೂ ಬದಲಾಗದ್ದು, ತಲೆಗಿಷ್ಟು ಎಂದು ಬರುವುದು. ಉದಾಹರಣೆಗೆ ಸ್ಥಿರ ಖರ್ಚು 2,20,000, ತಲಾ ಖರ್ಚು 340, ಪ್ರವೇಶ ಶುಲ್ಕ 600 ಎಂದು ಹಿಡಿಯೋಣ. ಒಬ್ಬರಿಂದ ಉಳಿಯುವುದು 260. ಸ್ಥಿರ ಖರ್ಚು ತೀರಲು 847 ಜನ ಬೇಕು, ನಿಮ್ಮಲ್ಲಿರುವುದು 600, ಕೊರತೆ 64,000. ಇದನ್ನು ತುಂಬಲು ಶುಲ್ಕ ಏರಿಸುವ ಮುಂಚೆ ಸ್ಥಿರ ಖರ್ಚಿನ ಹಾಳೆ ನೋಡಿ: ವೇದಿಕೆ, ಡಿಜೆ, ಅತಿಥಿಯ ಹೋಟೆಲ್. ಓಟದ ಗುಣಕ್ಕೆ ಇವುಗಳಿಂದ ಕಿಂಚಿತ್ತೂ ಸೇರುವುದಿಲ್ಲ. ಟೀಶರ್ಟನ್ನು ಬೇಕಾದವರಿಗೆ ಬೇರೆ ದರಕ್ಕೆ ಕೊಡಿ. ವೈದ್ಯಕೀಯ, ವಿಮೆ, ನೀರು ಈ ಮೂರಕ್ಕೆ ಕತ್ತರಿ ಹಾಕುವಂತಿಲ್ಲ.

ಬಾಯಿಮಾತಿನ ಪ್ರಾಯೋಜಕರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅರ್ಧ ಹಣ ಓಟಕ್ಕೆ ಮುಂಚೆ ಖಾತೆಗೆ ಬಂದರಷ್ಟೇ ಫಲಕದಲ್ಲಿ ಹೆಸರು. ಪ್ರವೇಶ ಶುಲ್ಕ ಓಟ ಮುಗಿಯುವವರೆಗೆ ನಿಮ್ಮದಲ್ಲ, ಓಟಗಾರರ ಠೇವಣಿ. ಬೇರೆ ಖಾತೆಯಲ್ಲಿಡಿ. ರದ್ದಾದರೆ ಎಷ್ಟು ವಾಪಸ್ ಎಂದು ಅರ್ಜಿಯಲ್ಲೇ ಬರೆಯಿರಿ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವಂತಿದ್ದರೆ ಜಿಎಸ್‌ಟಿ ನೋಂದಣಿ ಬರುತ್ತದೆ, ಲೆಕ್ಕ ಪರಿಶೋಧಕರನ್ನು ಮೊದಲೇ ಕಾಣಿ.

ವರ್ಷಕ್ಕೊಂದು ಸ್ವಂತ ಓಟದಿಂದ ಮನೆ ನಡೆಯುವುದಿಲ್ಲ, ಇದನ್ನು ನೇರವಾಗಿ ಹೇಳಬೇಕು. ನಡೆಸುವುದು ಬೇರೆಯವರ ಓಟಗಳು. ಆಗಸ್ಟ್ 29ರ ಕ್ರೀಡಾ ದಿನ, ಅಕ್ಟೋಬರ್ 2, ರಾಜ್ಯೋತ್ಸವ ಎಂದು ಇಲಾಖೆ, ಬ್ಯಾಂಕು, ಕಾಲೇಜು, ಕಾರ್ಖಾನೆಗಳು ಓಟ ಇಡುತ್ತಲೇ ಇರುತ್ತವೆ. ಅಳೆದ ದಾರಿ, ಸರ್ಕಲ್ ಪಟ್ಟಿ, ನೀರಿನ ಲೆಕ್ಕ ಅವರ ಹತ್ತಿರ ಇರುವುದಿಲ್ಲ. ಮೂರು ಜಿಲ್ಲೆಗೆ ಸೇರಿ ದಾರಿ ಅಳೆಯುವ, ನೀರು–ಮುಕ್ತಾಯದ ವ್ಯವಸ್ಥೆ ಗುತ್ತಿಗೆ ಹಿಡಿಯುವ ಒಂದು ನಂಬಿಕಸ್ಥ ಕೈಗೆ ಇಲ್ಲಿ ಜಾಗವಿದೆ. ಅದಕ್ಕಾಗಿ ಕೆಲಸ ಬಿಡುವ ಮೊದಲು ಒಂದು ವರ್ಷ ಸ್ವಯಂಸೇವಕರಾಗಿ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟವನ್ನು ನೀವು ಬಿಬ್ ಕಟ್ಟಿಕೊಂಡು ನೋಡಿದ್ದೀರಿ. ಈ ಸಲ ನೀರಿನ ಮೇಜಿನ ಹಿಂದೆ ನಿಂತು, ಕೊನೆಯ ಮೂರನೇ ಒಂದು ಭಾಗದ ಜನ ಹಾಯುವಾಗ ಏನು ಉಳಿದಿದೆ, ಏನು ಮುಗಿದಿದೆ ಎಂದು ಬರೆದುಕೊಳ್ಳಿ.

ಷಾಮಿಯಾನದವರ ಒಪ್ಪಂದದಲ್ಲಿ ಮರೆಯದೆ ಒಂದು ಸಾಲು ಸೇರಿಸಿ: ಕಮಾನು, ಗಡಿಯಾರ, ಮುಕ್ತಾಯದ ಬ್ಯಾರಿಕೇಡು ಬಿಚ್ಚುವುದು 8:15ರ ನಂತರ ಮಾತ್ರ, ಅದೂ ಹಳದಿ ಬಾವುಟದ ಸೈಕಲ್ ಒಳಗೆ ಬಂದ ಮೇಲೆ. ಬಹುಮಾನ ವಿತರಣೆ ಮುಗಿದರೆ ಓಟ ಮುಗಿಯಿತು ಎಂದುಕೊಂಡು ಅವರು 7:30ಕ್ಕೇ ಹಗ್ಗ ಬಿಚ್ಚತೊಡಗುತ್ತಾರೆ. ಆಗ ಎರಡು ಕಿ.ಮೀ. ಹಿಂದೆ ಇನ್ನೂ ನಲವತ್ತು ಜನ ಬರುತ್ತಿರುತ್ತಾರೆ.